ಬಿಟ್ಟತಾಳದ ದಿಬ್ಬ

ಹಳಿಯಾಳದ ಕಾಡು ತೆಳುವಾಗಿ ಧಾರವಾಡದ ಕಡೆಯ ಕಪ್ಪು ಮಣ್ಣು ಕಾಣಿಸತೊಡಗುವ ಎಡೆಯಲ್ಲಿ ತೇಗಿನಕೊಪ್ಪ ಎಂಬ ಊರಿದೆ. ಊರಿನ ಪಡುವಣಕ್ಕೆ ಒಂದು ದಿಬ್ಬ. ಗುಡ್ಡ ಎನ್ನಲು ಅದಕ್ಕೆ ಎತ್ತರ ಸಾಲದು, ಬಯಲು ಎನ್ನಲು ಏರುವವರ ಮೊಣಕಾಲು ಒಪ್ಪುವುದಿಲ್ಲ. ನೆತ್ತಿಯಲ್ಲಿ ಗುಡಿಯಿಲ್ಲ, ದರ್ಗಾ ಇಲ್ಲ, ಶಿಲುಬೆಯೂ ಇಲ್ಲ. ಆದರೆ ಆಫ್ರಿಕ ಮೂಲದ ಇಲ್ಲಿನ ಸಿದ್ದಿಗಳಲ್ಲಿ ಗುಡಿಗೆ ಹೋಗುವವರು, ಮಸೀದಿಗೆ ಹೋಗುವವರು, ಇಗರ್ಜಿಗೆ ಹೋಗುವವರು ಮೂರೂ ಬಗೆಯವರು ಚಪ್ಪಲಿ ಕಳಚಿಯೇ ಅಲ್ಲಿಗೆ ಹತ್ತುತ್ತಾರೆ. ಮೇಲೆ ಇರುವುದು ಒಂದು ಹಾಸುಬಂಡೆ. ಅದರಲ್ಲಿ ಕೂತು ಕೂತು ಸವೆದಂತಿರುವ ಒಂದು ತಗ್ಗು, ಅದರ ಎದುರಿಗೆ ಅಷ್ಟು ಆಳವಲ್ಲದ ಇನ್ನೊಂದು ತಗ್ಗು. ರಾಜರ ಕಥೆ ಸಿಕ್ಕೀತೆಂದು ಬರುವವರು ಇಲ್ಲಿ ಪೆಚ್ಚುಮೋರೆ ಹಾಕಿಕೊಂಡು ಇಳಿಯಬೇಕಾಗುತ್ತದೆ. ಈ ದಿಬ್ಬಕ್ಕೆ ಬಿಟ್ಟತಾಳದ ದಿಬ್ಬ ಎಂಬ ಹೆಸರು ಬಂದದ್ದು ಯಾವ ಅರಸನಿಂದಲೂ ಅಲ್ಲ, ತಪ್ಪಿಸಿಕೊಂಡು ಓಡಿಬಂದ ಒಬ್ಬ ಆಳಿನಿಂದ.

ಹಿಂದೆ ಒಮ್ಮೆ, ಗೋವೆಯಲ್ಲಿ ಪರಂಗಿಯವರ ದರ್ಬಾರು ಜೋರಾಗಿದ್ದ ಕಾಲದಲ್ಲಿ, ಕಡಲಾಚೆಯ ಆಫ್ರಿಕದಿಂದ ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದು ಬಂದರಿನಲ್ಲಿ ದನಗಳಂತೆ ಮಾರುತ್ತಿದ್ದರು. ಹಾಗೆ ಬಂದ ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ ಈ ಆಳು. ಇವನ ತಾಯಿ ಇಟ್ಟ ಹೆಸರು ಏನೆಂಬುದು ಇಂದು ಯಾರಿಗೂ ತಿಳಿಯದು. ಪಾದ್ರಿಯೊಬ್ಬ ನೆತ್ತಿಗೆ ನೀರು ಚಿಮುಕಿಸಿ ಇನಾಸ ಎಂದು ಕರೆದ, ಅದೇ ಉಳಿಯಿತು. ತಮ್ಮನನ್ನು ಬೇರೊಬ್ಬ ಧಣಿ ಕೊಂಡುಕೊಂಡು ದೋಣಿ ಹತ್ತಿಸಿದ. ಇನಾಸ ವರ್ಷಗಟ್ಟಲೆ ಧಣಿಯ ಮನೆಯಲ್ಲಿ ನೀರು ಹೊತ್ತು, ಚಾಟಿಯ ಏಟು ತಿಂದು, ಒಂದು ದಿನ ಘಟ್ಟದ ಕಾಡಿಗೆ ನುಗ್ಗಿದ. ಹಿಡಿಯಲು ಬಂದವರ ನಾಯಿಗಳ ಬೊಗಳುವಿಕೆ ಹಿಂದೆ ಉಳಿದಮೇಲೂ ನಡೆದ. ಕಾಡು ತೆಳುವಾದಾಗ ಎದುರಿಗೆ ಈ ದಿಬ್ಬ ಕಂಡಿತು, ಅಲ್ಲಿಯೇ ಕುಸಿದು ಕುಳಿತ ಎನ್ನುತ್ತಾರೆ.

ತೇಗಿನಕೊಪ್ಪದವರು ಅಂಥ ಮೈಬಣ್ಣವನ್ನು, ಅಂಥ ಗುಂಗುರು ಕೂದಲನ್ನು ಅದುವರೆಗೆ ಕಂಡವರಲ್ಲ. ಮಕ್ಕಳು ಹೆದರಿ ಓಡಿದವು, ದೊಡ್ಡವರು ಹೆದರಿದರೂ ಓಡದೆ ದೂರ ನಿಂತರು. ಹತ್ತಿರ ಹೋದವಳು ಕುಂಬಾರರ ನಿಂಬವ್ವ ಒಬ್ಬಳೇ. ಗಂಡ ತೀರಿಕೊಂಡಮೇಲೆ ತಾನೇ ತಿಗರಿ ತಿರುಗಿಸಿ ಬದುಕುತ್ತಿದ್ದ ಆ ಹೆಂಗಸು ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಒಂದು ಗಡಿಗೆಯಲ್ಲಿ ಅಂಬಲಿ ಒಯ್ದು ಮುಂದಿಟ್ಟು, "ಉಣ್ಣೋ ತಮ್ಮಾ" ಎಂದಳು. ಹುಟ್ಟಿನಿಂದ ಅಣ್ಣನೇ ಆಗಿದ್ದವನು ಅಂದು ಮೊದಲ ಸಲ ಒಬ್ಬರಿಗೆ ತಮ್ಮನಾದ. ಅಂಬಲಿ ಕುಡಿದು, ಗಡಿಗೆಯನ್ನು ತೊಳೆದು, ಬೋರಲು ಹಾಕಿ ಅದರ ತಳಕ್ಕೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿದ. ನಿಂಬವ್ವನಿಗೆ ಅವನ ಭಾಷೆ ತಿಳಿಯದಿದ್ದರೂ ಆ ತಟ್ಟುವಿಕೆ ತಿಳಿಯಿತು. ಮುಂದಿನ ಸುಡುವಿಕೆಯಲ್ಲಿ ಅವನಿಗೆಂದೇ ಎರಡೂ ಕಡೆ ಬಾಯಿರುವ ಒಂದು ಮಡಕೆಯನ್ನು ಸುಟ್ಟುಕೊಟ್ಟಳು. ಅಗಲದ ಬಾಯಿಗೆ ಅವನು ಆಡಿನ ಚರ್ಮ ಬಿಗಿದ. ಈ ಕಡೆಯವರು ಗುಮಟೆ ಎನ್ನುವುದು ಇಂಥ ವಾದ್ಯವನ್ನೇ.

ಅಂದಿನಿಂದ ದಿನವೂ ಹೊತ್ತು ಮುಳುಗುವ ವೇಳೆಗೆ ದಿಬ್ಬದ ಮೇಲಿನಿಂದ ಗುಮಟೆಯ ಸದ್ದು ಕೇಳತೊಡಗಿತು. ವಿಚಿತ್ರವೆಂದರೆ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದಿಷ್ಟು ಬಾರಿಸಿ, ಬಾರಿಸಿದಷ್ಟೇ ಹೊತ್ತು ಸುಮ್ಮನಿದ್ದು, ಮತ್ತೆ ಮೊದಲಿನಿಂದ ಬಾರಿಸುತ್ತಿದ್ದ. ಊರ ಮುಖಂಡ ದ್ಯಾಮನಗೌಡನ ತಲೆಯಲ್ಲಿ ಸಂಶಯದ ಹುಳ ಹೊಕ್ಕಿತು. ಕಾಡಿನಲ್ಲಿ ದರೋಡೆಕೋರರು ಅಡಗಿರುತ್ತಿದ್ದ ಕಾಲವದು. ಆಳುಗಳನ್ನು ಕಟ್ಟಿಕೊಂಡು ದಿಬ್ಬ ಹತ್ತಿ, "ಯಾರಿಗಿ ಸನ್ನಿ ಮಾಡಾಕತ್ತಿ? ಅಡವ್ಯಾಗ ನಿನ್ನ ಮಂದಿ ಅದಾರೇನು?" ಎಂದು ಗದರಿದ. ಅಷ್ಟರಲ್ಲಿ ನಿಂಬವ್ವನ ಜೊತೆ ಜೇಡಿಮಣ್ಣು ತುಳಿಯುತ್ತ ನಾಲ್ಕು ಮಾತು ಕಲಿತಿದ್ದ ಇನಾಸ ಕೈಮುಗಿದು, "ಅದಾರೋ ಇಲ್ಲೋ, ಅದನ್ನ ಕೇಳಾಕತ್ತೀನ್ರೀ" ಎಂದ. ಹಿಂದೆಯೇ ಏದುಸಿರು ಬಿಡುತ್ತ ಬಂದ ನಿಂಬವ್ವ, "ಕಳ್ಳ ಆಗಿದ್ರ ಸಪ್ಪಳ ಮಾಡ್ತಿದ್ನೇನ್ರೀ ಗೌಡ್ರ?" ಎಂದು ಕೇಳಿದಳು. ಗೌಡ ಮೀಸೆಯಲ್ಲೇ ನಕ್ಕು ಇಳಿದುಹೋದ. ಕ್ರಮೇಣ ಆ ಸದ್ದು ಊರಿಗೆ ಒಗ್ಗಿತು. ದನ ಕಾಯುವವರು ಅದನ್ನು ಕೇಳಿ ದನ ಹೊಡೆದುಕೊಂಡು ಬರುತ್ತಿದ್ದರು, ಹೆಂಗಸರು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

ಒಗ್ಗಿಕೊಂಡದ್ದರಿಂದಲೇ ಒಂದು ತಪ್ಪೂ ನಡೆಯಿತು. ಆ ವರ್ಷ ಸುಗ್ಗಿ ಚೆನ್ನಾಗಿತ್ತು. ಊರಿನ ಡೊಳ್ಳಿನವರಿಗೆ, ಪಾಪ, ಆ ಪರದೇಶಿ ಒಬ್ಬನೇ ಬಾರಿಸುತ್ತಾನೆ, ಕೂಡಿ ಬಾರಿಸುವವರಿಲ್ಲದೆ ನಡುನಡುವೆ ನಿಲ್ಲಿಸುತ್ತಾನೆ ಎಂದು ಕನಿಕರ ಹುಟ್ಟಿತು. ಡೊಳ್ಳು ಹೆಗಲಿಗೇರಿಸಿ ದಿಬ್ಬ ಹತ್ತಿದರು. ಇನಾಸ ಬಾರಿಸಿ ನಿಲ್ಲಿಸಿದ್ದೇ ತಡ, ಬಿಟ್ಟ ಜಾಗವನ್ನೆಲ್ಲ ತುಂಬಿ, ಕಾಡು ನಡುಗುವ ಹಾಗೆ ಬಾರಿಸಿದರು. ಅವರ ಕೈಚಳಕದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಇನಾಸ ಗುಮಟೆಯನ್ನು ಕೆಳಗಿಟ್ಟು ಕಾಡಿನ ಕಡೆ ಮುಖ ತಿರುಗಿಸಿ ಕುಳಿತುಬಿಟ್ಟ. ಡೊಳ್ಳಿನವರ ಮುಖ ಸಪ್ಪಗಾಯಿತು. ಊರಲ್ಲಿ ಅವನಿಗೆ ಸೊಕ್ಕು ಬಂದಿದೆ ಎಂಬ ಮಾತು ಹಬ್ಬಿತು. ನಿಂಬವ್ವನಿಗೂ ಸಿಟ್ಟು ಬಂದಿತ್ತು. "ಊರ ಮಂದಿ ಪ್ರೀತಿಲೆ ಬಂದ್ರು, ಮಾರಿ ತಿರುವಿದಿ. ಯಾಕೋ ತಮ್ಮಾ?" ಎಂದಳು. "ಚಲೋ ಬಾರಿಸಿದ್ರು ಯಕ್ಕಾ," ಎಂದ ಇನಾಸ. "ಆದ್ರ ಅದು ನನ್ನ ತಮ್ಮನ ಜಾಗಾ."

ಆಗ ಅವನು ಹೇಳಿದ್ದನ್ನು ನಿಂಬವ್ವ ಊರಿಗೆ ಹೇಳಿದಳು. ಇನಾಸನ ಊರಿನಲ್ಲಿ ಅಗಲವಾದ ಒಂದು ಹೊಳೆ. ಆಚೆ ದಂಡೆಯಲ್ಲಿ ಅರ್ಧ ಮನೆಗಳು, ಈಚೆ ದಂಡೆಯಲ್ಲಿ ಅರ್ಧ. ದಿನವೂ ಹೊತ್ತು ಮುಳುಗುವಾಗ ಈಚೆಯ ವಾದ್ಯ 'ಎಲ್ಲರೂ ಇದ್ದೀರಾ?' ಎಂದು ಕೇಳಬೇಕು, ಆಚೆಯ ವಾದ್ಯ 'ಇದ್ದೇವೆ' ಎನ್ನಬೇಕು. ಕೇಳುವ ಕೈ ಅಣ್ಣನದು, ಉತ್ತರದ ಕೈ ತಮ್ಮನದು. ಉತ್ತರದ ಕೈಯವನು ತಾನಾಗಿ ಎಂದೂ ಮೊದಲು ಬಾರಿಸುವಂತಿಲ್ಲ. ಕೇಳುವ ಕೈಯವನು ಉತ್ತರಕ್ಕೆ ಜಾಗ ಬಿಡದೆ ಎಂದೂ ಬಾರಿಸುವಂತಿಲ್ಲ. ತಮ್ಮನಿಗೆ ಒಂದು ಕೆಟ್ಟ ಚಟವಿತ್ತು. ಉತ್ತರ ಮುಗಿದಮೇಲೂ ಒಂದು ಪೆಟ್ಟು ಹೆಚ್ಚಿಗೆ ಹಾಕುತ್ತಿದ್ದ. ಮುಗಿದದ್ದಕ್ಕೆ ಮತ್ತೇಕೆ ಹೊಡೆಯುತ್ತೀ ಎಂದು ಅಣ್ಣ ಎಷ್ಟು ಬೈದರೂ ಹಲ್ಲುಕಿರಿದು ಮತ್ತೆ ಹಾಗೆಯೇ ಮಾಡುತ್ತಿದ್ದ. ಆ ಹೆಚ್ಚಿನ ಪೆಟ್ಟನ್ನು ಇನ್ನೊಮ್ಮೆ ಕೇಳಿದರೆ ಸಾಕು ಎಂದನಂತೆ ಇನಾಸ.

ತೇಗಿನಕೊಪ್ಪದವರು ಒರಟರು, ಆದರೆ ಕಲ್ಲುಹೃದಯದವರಲ್ಲ. ಅಂದಿನಿಂದ ಇನಾಸ ತಾಳ ಬಿಟ್ಟ ಹೊತ್ತಿನಲ್ಲಿ ಊರಿಗೆ ಊರೇ ಸುಮ್ಮನಾಗುವುದು ರೂಢಿಯಾಯಿತು. ಬಾವಿಗೆ ಹಗ್ಗ ಇಳಿಬಿಟ್ಟವರು ಅದನ್ನು ಹಾಗೇ ಹಿಡಿದು ನಿಲ್ಲುತ್ತಿದ್ದರು. ಜಗಳದ ನಡುವೆ ಇದ್ದವರು ಜಗಳವನ್ನು ಅಷ್ಟು ಹೊತ್ತು ತಡೆದಿಟ್ಟು ಆಮೇಲೆ ಮುಂದುವರಿಸುತ್ತಿದ್ದರು. ಎಲ್ಲರ ಕಿವಿಯೂ ಕಾಡಿನ ಕಡೆಗೆ. ಕಾಡಿನಿಂದ ಗಾಳಿ ಬರುತ್ತಿತ್ತು, ನವಿಲಿನ ಕೂಗು ಬರುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ. ಊರು ಮತ್ತೆ ತನ್ನ ಕೆಲಸಕ್ಕೆ ತಿರುಗುತ್ತಿತ್ತು. ಇನಾಸನಿಗೆ ತಿರುಗಲು ಬೇರೆ ಕೆಲಸವಿರಲಿಲ್ಲ. ಸುತ್ತ ಇಷ್ಟು ಜನ ತನಗಾಗಿ ಕಿವಿಗೊಟ್ಟು ನಿಂತಿದ್ದರೂ ತನ್ನ ಭಾಷೆಯಲ್ಲಿ 'ಇದ್ದೇನೆ' ಎನ್ನುವವರು ಒಬ್ಬರೂ ಇಲ್ಲವೆಂಬ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಕನಸಿನಲ್ಲಿ ಬರುವ ತಾಯಿಯೂ ಕನ್ನಡದಲ್ಲೇ ಮಾತಾಡತೊಡಗಿದಾಗ ಅವನು ಎದ್ದು ಕುಳಿತು ಅತ್ತನಂತೆ.

ಹೀಗೆ ಕಾಲ ಕಳೆಯಿತು. ಇನಾಸನ ಗುಂಗುರು ಕೂದಲು ಹತ್ತಿಯಂತೆ ಬೆಳ್ಳಗಾಯಿತು, ಕಿವಿ ಮಂದವಾಯಿತು. ಕೊನೆಗೆ ಗುಡುಗು ಕೂಡ ಕೇಳದಂತಾಯಿತು. ಉತ್ತರಕ್ಕಾಗಿಯೇ ಬದುಕಿದವನಿಗೆ ದೇವರು ಮಾಡಿದ ಅನ್ಯಾಯವಿದು ಎಂದು ನಿಂಬವ್ವ ಬಾಯಿಬಿಟ್ಟೇ ದೇವರನ್ನು ಬೈದಳು. ಬೈದು ಸುಮ್ಮನೆ ಕೂರಲಿಲ್ಲ. ದಿನವೂ ಕೋಲೂರಿಕೊಂಡು ದಿಬ್ಬ ಹತ್ತಿ ಅವನ ಎದುರಿಗೆ ಕುಳಿತುಕೊಳ್ಳತೊಡಗಿದಳು. ಇನಾಸ ಅಭ್ಯಾಸಬಲದಿಂದ ಬಾರಿಸಿ, ಜಾಗ ಬಿಟ್ಟು, ಅವಳ ಮುಖ ನೋಡುತ್ತಿದ್ದ. ಅವಳು ಕಾಡಿನ ಕಡೆ ಕಿವಿಗೊಟ್ಟು ಕೇಳಿ, ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಅವನು ಮತ್ತೆ ಬಾರಿಸುತ್ತಿದ್ದ. ಇಬ್ಬರು ಮುದುಕರ ಈ ಸಂಭಾಷಣೆ ವರ್ಷಗಟ್ಟಲೆ ನಡೆಯಿತು.

ಒಂದು ಸಂಜೆ ಅವನು ತಾಳ ಬಿಟ್ಟು ಅವಳ ಮುಖ ನೋಡಿದ. ನಿಂಬವ್ವ ತಲೆಯಾಡಿಸಲಿಲ್ಲ. ಅವಳ ಬಾಯಿ ತೆರೆದೇ ಇತ್ತು. ಕೆಳಗೆ ಊರಿನ ಜನ ಮನೆಗಳಿಂದ ಹೊರಗೆ ಬಂದು ಕಾಡಿನ ಕಡೆ ಕೈ ತೋರಿಸುತ್ತಿದ್ದರು. ಇನಾಸ ಗುಮಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಮತ್ತೆ ಬಾರಿಸಿದ, ಮತ್ತೆ ಬಿಟ್ಟ. ನಿಂಬವ್ವ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ತೇಗದ ಮರಗಳ ನಡುವಿನಿಂದ ಒಬ್ಬ ಹೆಂಗಸು ಹೊರಬಂದಳು. ಇನಾಸನದೇ ಬಣ್ಣ, ಅವನದೇ ಕೂದಲು, ಕಂಕುಳಲ್ಲಿ ಮಸಿ ಹಿಡಿದ ಒಂದು ತಾಮ್ರದ ಕೊಡ. ಹರಿದ ಬಟ್ಟೆ, ನೆತ್ತರು ಒಸರುವ ಕಾಲು. ದಿಬ್ಬ ಹತ್ತಿ ಬಂದು ಮುದುಕನ ಎದುರಿಗೆ ಕುಳಿತು ಕೊಡದ ಬೆನ್ನಿಗೆ ಬಾರಿಸಿದಳು. ಅವನಿಗೆ ಕೇಳಿಸುತ್ತಿಲ್ಲವೆಂದು ತಿಳಿದಾಗ ಅವನ ಅಂಗೈಯನ್ನು ಎಳೆದು ಕೊಡದ ಮೇಲಿಟ್ಟು, ಪಕ್ಕದಲ್ಲಿ ಮತ್ತೆ ಬಾರಿಸಿದಳು. ಉತ್ತರ ಅವನ ಅಂಗೈಗೆ ಬಂತು. ಮುಗಿಯಿತು. ಮುಗಿದಮೇಲೆ ಒಂದು ಪೆಟ್ಟು ಹೆಚ್ಚಿಗೆ ಬಿತ್ತು.

ಇನಾಸ ಅವಳ ಮುಖವನ್ನೇ ನೋಡುತ್ತ, ಗೋವೆಯ ಅಡುಗೆಮನೆಗಳ ಕೊಂಕಣಿಯಲ್ಲಿ, ತಮ್ಮ ಇದ್ದಾನೆಯೇ ಎಂದು ಕೇಳಿದ. ಹೆಂಗಸು ಮೆಲ್ಲಗೆ ಇಲ್ಲವೆಂದು ತಲೆಯಾಡಿಸಿದಳು. ವರ್ಷಗಟ್ಟಲೆ ನಿಂಬವ್ವನ ತಲೆಯಾಡಿಕೆಯನ್ನು ನೋಡಿ ನೋಡಿ ಸಹಿಸಿದವನಿಗೆ ಇದೊಂದನ್ನು ಸಹಿಸಲಾಗಲಿಲ್ಲ. ಕೊಡವನ್ನು ತಬ್ಬಿಕೊಂಡು ಮಗುವಿನಂತೆ ಗೋಳಾಡಿದ.

ಆ ಹೆಂಗಸಿನ ಹೆಸರು ಲುಜಿಯಾ. ನಾಲ್ಕು ಮಾತು ಕನ್ನಡ ಕಲಿತಮೇಲೆ ಅವಳು ನಿಂಬವ್ವನಿಗೆ ಹೇಳಿದ ಕಥೆ ಇಷ್ಟು. ಗೋವೆಯಲ್ಲಿ ಅವಳಿದ್ದ ಧಣಿಯ ಮನೆಯಲ್ಲಿ ಒಬ್ಬ ಮುದುಕ ಆಳಿದ್ದ. ಹೊತ್ತು ಮುಳುಗುವಾಗ ಹಿತ್ತಿಲಲ್ಲಿ ಪಾತ್ರೆ ಬೋರಲು ಹಾಕಿಕೊಂಡು ಕೂರುತ್ತಿದ್ದ, ಬಾರಿಸುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಮೊದಲು ಕೇಳಬೇಕಾದವನು ಅಣ್ಣ" ಎನ್ನುತ್ತಿದ್ದ. ಅವಳಿಗೆ ಉತ್ತರವನ್ನು ಕಲಿಸಿದವನು ಅವನೇ. ಸಾಯುವ ಮೊದಲು, ಓಡಿಹೋಗುವುದಾದರೆ ಮೂಡಣಕ್ಕೆ, ಘಟ್ಟದ ಮೇಲಕ್ಕೆ ಓಡು, ತಪ್ಪಿಸಿಕೊಂಡ ಆಳುಗಳು ಹೋಗುವುದು ಅಲ್ಲಿಗೇ, ಹೊತ್ತು ಮುಳುಗುವಾಗ ಎಲ್ಲಿಯಾದರೂ ಅರ್ಧ ತಾಳ ಕೇಳಿದರೆ ಅದು ನನ್ನ ಅಣ್ಣ, ಉತ್ತರ ಕೊಟ್ಟು ಅವನ ಹತ್ತಿರ ಹೋಗು ಎಂದಿದ್ದ. ಅಣ್ಣ ಇಲ್ಲಿ ಕೇಳುತ್ತಿದ್ದಷ್ಟು ಕಾಲವೂ ತಮ್ಮ ಅಲ್ಲಿ ಕಿವಿಗೊಟ್ಟು ಕೂತಿದ್ದ. ನಡುವೆ ಘಟ್ಟ ಅಡ್ಡವಿತ್ತು.

ಮರುದಿನ ಸಂಜೆ ಊರೆಲ್ಲ ದಿಬ್ಬದ ಬುಡದಲ್ಲಿ ನೆರೆಯಿತು. ಇನಾಸ ಬಾರಿಸಿ ಜಾಗ ಬಿಟ್ಟ. ಲುಜಿಯಾ ಕೈಯೆತ್ತಿದಾಗ ಅವನು ಅವಳ ಕೈಯನ್ನು ಮೃದುವಾಗಿ ಹಿಡಿದು ನಿಲ್ಲಿಸಿದ. ಆ ಸುತ್ತು ಖಾಲಿಯಾಗಿಯೇ ಹೋಯಿತು. ಎರಡನೆಯ ಸುತ್ತಿನಲ್ಲಿ ತಾನೇ ತಲೆದೂಗಿ ಬಾರಿಸು ಎಂದ. ಮೊದಲ ಸುತ್ತು ತಮ್ಮನದು, ಎರಡನೆಯದು ಬದುಕಿ ಬಂದವರದು ಎಂಬ ಕಟ್ಟಳೆ ಅಂದೇ ಹುಟ್ಟಿತು, ದಿಬ್ಬಕ್ಕೆ ಹೆಸರೂ ಅಂದೇ ಬಂತು ಎನ್ನುತ್ತಾರೆ. ಅವನು ತೀರಿಕೊಂಡಮೇಲೆ ಲುಜಿಯಾ ಕೇಳುವ ಕೈಯಾದಳು. ಆ ಸದ್ದನ್ನೇ ದಾರಿ ಮಾಡಿಕೊಂಡು ಕಾಡಿನಿಂದ ಇನ್ನಷ್ಟು ಜನ ಬಂದರು, ದಿಬ್ಬದ ಕೆಳಗೆ ಸಿದ್ದಿಗಳ ಕೇರಿ ಬೆಳೆಯಿತು.

ಇಂದಿಗೂ ವರ್ಷಕ್ಕೊಮ್ಮೆ ಕುಂಬಾರರ ಮನೆಯವರು ಹೊಸ ಮಡಕೆಯನ್ನು ಸುಟ್ಟು ಕೇರಿಗೆ ಕೊಡುತ್ತಾರೆ. ದಿನವೂ ಹೊತ್ತು ಮುಳುಗುವಾಗ ದೊಡ್ಡ ತಗ್ಗಿನಲ್ಲಿ ಒಬ್ಬರು, ಸಣ್ಣ ತಗ್ಗಿನಲ್ಲಿ ಒಬ್ಬರು ಕೂರುತ್ತಾರೆ. ಮೊದಲ ಸುತ್ತಿನಲ್ಲಿ ತಾಳ ಬಿಟ್ಟಾಗ ಊರು ಸುಮ್ಮನಾಗುತ್ತದೆ. ಸಂಜೆಯ ಬಸ್ಸಿನ ಚಾಲಕ ಕೂಡ ಇಂಜಿನ್ ಆರಿಸಿ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕೂರುತ್ತಾನೆ. ಕಾಡಿನಿಂದ ಗಾಳಿಯಷ್ಟೇ ಬರುತ್ತದೆ. ಎರಡನೆಯ ಸುತ್ತಿನಲ್ಲಿ ಉತ್ತರ ಕೇಳುತ್ತದೆ, ಉತ್ತರ ಮುಗಿದಮೇಲೆ ಒಂದು ಪೆಟ್ಟು ಹೆಚ್ಚಿಗೆ ಬೀಳುತ್ತದೆ. ನೋಡಲು ಬಂದ ಹೊಸಬರಲ್ಲಿ ತಾಳ ಬಲ್ಲವರು ಬಾರಿಸುವವನ ಕೈ ತಪ್ಪಿತೆಂದು ನಗುತ್ತಾರೆ. ಆ ತಪ್ಪನ್ನು ಈವರೆಗೆ ಯಾರೂ ತಿದ್ದಿಲ್ಲ.