ಹೆಬ್ಬಾಗಿಲ ಗುರುತು

"ಕೇಳ್ರಪ್ಪೋ ಕೇಳಿ! ಅರಮನೆ ಯಂತ್ರಗಳ ಮೇಲೆ ಅರಸರು ಮೂರು ಒಗಟು ಕಟ್ಟವ್ರೆ. ಒಡೆದೋರಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದೋರ ತಲೆ ತೆಗೀತಾರೆ!"

ಡಂಗುರ ಕೇಳಿದ್ದೇ ಚಿಕ್ಕತಾಯಿ ಪೊರಕೆ ಬಿಸಾಕಿ ಎದ್ದಳು. ಅವಳಪ್ಪ ಬೋರಯ್ಯ ಅರಮನೆ ಹೆಬ್ಬಾಗಿಲು ಕಾಯುವವನು. ಬಾಗಿಲಲ್ಲಿ ವೆಬ್ ಸರ್ವರ್ ಅನ್ನೋ ಯಂತ್ರ. ಜನ ಅದರ ಮುಂದೆ ಅರ್ಜಿ ಹೇಳಿಕೊಂಡರೆ, ಪ್ರಾಕ್ಸಿ ಅನ್ನೋದು ಅದನ್ನು ಒಳಮನೆಯ ಜಾವಾ ಸರ್ವರ್ ಅನ್ನೋ ಯಂತ್ರಕ್ಕೆ ಮುಟ್ಟಿಸಿ ಉತ್ತರ ತರುತ್ತಿತ್ತು. ಉಪ್ಪಿನ ಸುಂಕ ಇಳಿಸಿ ಅಂತ ಊರಿಗೆ ಊರೇ ಅರ್ಜಿ ಹಾಕಿತು ನೋಡಿ, ಒಳಗೆ ಎಲ್ಲದರ ಮೇಲೂ ಹೆಬ್ಬಾಗಿಲ ಗುರುತೇ! "ಬಾಗಿಲು ಕಾಯೋನೊಬ್ಬನೇ ಇಷ್ಟು ಕಾಟ ಕೊಡ್ತಾನಾ?" ಅಂತ ಅರಸ ಕೆಂಡವಾಗಿ ಬೋರಯ್ಯನಿಗೆ ಕೋಳ ಹಾಕಿಸಿದ್ದ. ನಾಳೆ ಗಲ್ಲು.

ಸಭೆಯಲ್ಲಿ ಅರಸ ಕೇಳಿದ: "ಊರೆಲ್ಲ ಅವಳನ್ನೇ ಬೇಡುತ್ತೆ. ಅವಳ ಮಡಿಲಲ್ಲಿ ಏನೂ ಇಲ್ಲ. ಆದರೂ ಬಂದವರು ಬರಿಗೈಲಿ ಹೋಗಲ್ಲ. ಯಾರು?"

"ಭೂಮಿತಾಯಿ!" ಅಂದ ಪಕ್ಕದೂರಿನ ರಾಜಕುಮಾರ. ಅವನ ಪೇಟ ಮಾತ್ರ ಊರಿಗೆ ವಾಪಸಾಯಿತು.

ಮಂತ್ರಿಯ ಮಗ ಅದನ್ನು ಬಿಟ್ಟು ಎರಡನೆಯದನ್ನು ಹೇಳಿ ಅಂದ. ಅರಸ ಹೇಳಿದ: "ಇವಳು ಬೇಯಿಸಿ ಕಳಿಸದ ದಿನವಿಲ್ಲ, ಉಂಡವರ ಮುಖ ಕಂಡಿಲ್ಲ."

"ಅರಮನೆ ಅಡುಗೆಯವಳು!"

"ಯಂತ್ರದ ಒಗಟು ಅಂತ ಡಂಗುರ ಹೊಡೆಸಲಿಲ್ವೇನೋ!" ಅವನನ್ನೂ ಎಳೆದುಕೊಂಡು ಹೋದರು.

ಚಿಕ್ಕತಾಯಿ ಮುಂದೆ ಬಂದಳು. "ಬುದ್ಧಿ, ಮೊದಲನೇದು ಬಾಗಿಲ ವೆಬ್ ಸರ್ವರ್, ಒಳಗಿಂದ ತರಿಸಿ ಕೊಡುತ್ತೆ. ಎರಡನೇದು ಜಾವಾ ಸರ್ವರ್, ಕೂತಲ್ಲೇ ಉತ್ತರ ಬೇಯಿಸುತ್ತೆ."

ಅರಸನ ಹುಬ್ಬೇರಿತು. "ಮೂರನೇದು. ಸಾವಿರ ಬಾಯಿ ಮಾತನ್ನ ಒಂದೇ ಬಾಯಲ್ಲಿ ಹೊರುತ್ತಾನೆ, ಒಂದೂ ಅವನದಲ್ಲ. ಯಾರು?"

ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು.

"ಪ್ರಾಕ್ಸಿ."

"ಭಲೇ! ಸರಿ!"

"ಸರೀನಾ? ಸಾವಿರ ಬಾಯಿ ಮಾತು ಅಂತ ಕಟ್ಟಿದೋರು ನೀವೇ. ಪ್ರಾಕ್ಸಿ ಅರ್ಜಿ ಹೊತ್ತು ತರುತ್ತೆ, ಕೇಳಿದೋರ ಹೆಸರು ಆಚೇಲೇ ಬಿಟ್ಟು ಬರುತ್ತೆ. ಒಳಗೆ ಬರೀ ಬಾಗಿಲ ಗುರುತು ಕಾಣದೆ ಇನ್ನೇನು ಕಂಡೀತು? ನಿಮ್ಮನ್ನ ಬುದ್ಧಿ ಬುದ್ಧಿ ಅಂತ ಕೂಗ್ತೀವಲ್ಲ, ನಮ್ಮಪ್ಪನಿಗೆ ಕೋಳ ಹಾಕಿಸುವಾಗ ಅದು ಎಲ್ಲಿ ಮೇಯಕ್ಕೆ ಹೋಗಿತ್ತು?"

ಅರಸನ ಮುಖ ಇಳಿಯಿತು. "ಏನು ಬೇಕು, ಕೇಳು."

"ನಮ್ಮಪ್ಪ ಬೇಕು. ಇನ್ಮೇಲೆ ಪ್ರಾಕ್ಸಿ ಕೇಳಿದೋರ ಹೆಸರನ್ನೂ ಹೊತ್ತು ತರಲಿ."

ಹಾಗೇ ಆಯಿತು. ಬೋರಯ್ಯ ಮುಂಗೈ ನೀವಿಕೊಳ್ಳುತ್ತಾ ಬಾಗಿಲಿಗೆ ಬಂದು ಕೂತ. ಹೆಸರು ಹೊತ್ತ ಮೊದಲ ಅರ್ಜಿ ಆಗಲೇ ಒಳಗೆ ಮುಟ್ಟಿತ್ತು:

"ಕೇಳಿದವಳು ಬೋರಯ್ಯನ ಮಗಳು ಚಿಕ್ಕತಾಯಿ. ಬಾಗಿಲಿಗೆ ಬಂದು ನಮ್ಮಪ್ಪನಿಗೆ ಕೈ ಮುಗೀರಿ."

ಯಾರು ಕೇಳಿದರೋ ಗೊತ್ತಾಗಲಿಲ್ಲ ಅನ್ನೋ ಹಾಗಿರಲಿಲ್ಲ. ಅರಸ ಎದ್ದು ಹೆಬ್ಬಾಗಿಲಿಗೆ ನಡೆದ.