ಬೇಸ್ ಸಾಲದಯ್ಯ!

ದುಬಾರಿ ಸ್ಪೀಕರ್ ಕೊಳ್ಳೋದು ಗುಮಾಸ್ತನಾದ ನನ್ನ ಕೈಲಾಗುತ್ತದೆಯೇ? ಪ್ಲೈವುಡ್ ಕೊಯ್ದು ನಾನೇ ಒಂದು ಜೊತೆ ಮಾಡಿಕೊಂಡೆ. ಕೇಳಿದವರೆಲ್ಲ ಭೇಷ್ ಅಂದರು, ನಮ್ಮ ಆಫೀಸಿನ ಮ್ಯಾನೇಜರ್ ಚನ್ನಕೇಶವಯ್ಯನವರೊಬ್ಬರನ್ನು ಬಿಟ್ಟು. ಮನೆಯಲ್ಲಿ ವಿದೇಶಿ ಸ್ಪೀಕರ್ ಇಟ್ಟುಕೊಂಡಿರೋ ಈ ಮಹಾನುಭಾವರು ಪ್ರತಿ ಭಾನುವಾರ ಬಂದು, ನಮ್ಮ ಕಾಫಿ ಕುಡಿದು, "ಬೇಸ್ ಸಾಲದಯ್ಯ, ಮೃದಂಗ ಗುಮ್ ಅನ್ನೋದೇ ಇಲ್ಲ, ಸರಿಮಾಡು" ಅನ್ನೋರು. ಮೂರು ಸಲ ಪೆಟ್ಟಿಗೆ ಬಿಚ್ಚಿ ಜೋಡಿಸಿದೆ. ಊಹೂಂ!

ರೋಸಿಹೋಗಿ, ಹಳೇ ರೇಡಿಯೊದ ಗುಂಡಿಯೊಂದನ್ನು ಪೆಟ್ಟಿಗೆಯ ಮುಂದೆ ಸಿಕ್ಕಿಸಿದೆ. ಅದರ ಹಿಂದೆ ಒಂದು ತಂತಿಯೂ ಇಲ್ಲ.

"ಬೇಸ್ ಎಷ್ಟು ಬೇಕೋ ನೀವೇ ತಿರುಗಿಸಿಕೊಳ್ಳಿ ಸಾರ್."

ತಿರುಗಿಸಿದರು. ಕಣ್ಣು ಮುಚ್ಚಿ ತಲೆದೂಗಿದರು.

"ಈಗ ಬಂತು ನೋಡು! ಇಂಥದ್ದೇ ಗುಂಡಿ ನನ್ನ ಸ್ಪೀಕರಿಗೂ ಹಾಕಿಕೊಡಯ್ಯ."

"ಆಗಲಿ ಸಾರ್. ಆದರೆ ನಿಮ್ಮದು ವಿದೇಶಿ ಮಾಲು, ಎರಡು ಗುಂಡಿ ಬೇಕಾಗುತ್ತೆ."