ನಾಲ್ಕನೆಯ ಸೀಲು

ಮಣ್ಣು ಅಗೆಯುವ ದೊಡ್ಡ ಯಂತ್ರವೊಂದರ ಗೇರ್‌ಬಾಕ್ಸಿನಿಂದ ಎಣ್ಣೆ ಸೋರುತ್ತಿತ್ತು. ಮೆಕ್ಯಾನಿಕ್ ದಸ್ತಗೀರ್ ಸಾಬರು ಅದೇ ತಿಂಗಳಲ್ಲಿ ನಾಲ್ಕನೆಯ ಆಯಿಲ್ ಸೀಲು, ಎಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ, ತಂದದ್ದನ್ನು ಕಂಡು, ಒಳಗೆ ಆ ಬಳೆಯ ನಡುವೆ ತಿರುಗುವ ಉಕ್ಕಿನ ಶಾಫ್ಟು ರೇಗಿತು.

“ಬಂದನಪ್ಪ ಇನ್ನೊಬ್ಬ. ನಿಮ್ಮ ರಬ್ಬರಿನವರಿಗೆ ಎಂಟು ದಿನ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲವೇ? ಮೂವರೂ ಸೋರಿದರು.”

“ಅವರ ತುಟಿ ಸವೆಸಿದ್ದು ನೀನೇ,” ಎಂದಿತು ಸೀಲು. “ನಿನ್ನ ಕುತ್ತಿಗೆಯ ಸುತ್ತ ಗೀರು ಬಿದ್ದಿದೆ.”

“ನಾನು ಉಕ್ಕು. ಹನ್ನೆರಡು ವರ್ಷದಿಂದ ತಿರುಗುತ್ತಿದ್ದೇನೆ. ನನ್ನ ಮೇಲೆ ಗೀರೇ?”

ಹೊರಗೆ ಯಂತ್ರ ಓಡಿಸುವ ಬಸಲಿಂಗ ಅವಸರ ಮಾಡುತ್ತಿದ್ದ. “ಬೇಗ ಬಡಿದು ಕೂರಿಸಿ ಸಾಬ್ರೇ, ಕೆಲಸ ನಿಂತಿದೆ.”

“ಸುಮ್ಮನಿರಪ್ಪ. ಮೂರು ಸಲವೂ ನಿನ್ನ ಮಾತು ಕೇಳಿಯೇ ಕೆಟ್ಟೆ,” ಎಂದು ಸಾಬರು ಶಾಫ್ಟಿನ ಮೇಲೆ ಉಗುರು ಎಳೆದರು. ಉಗುರು ಗೀರಿನಲ್ಲಿ ಸಿಕ್ಕಿಕೊಂಡಿತು. “ನೋಡು, ತಪ್ಪು ಇಲ್ಲಿದೆ. ಇದನ್ನು ಬಿಚ್ಚಿ ಲೇತಿಗೆ ಕೊಟ್ಟು ಗೀರು ಹೋಗುವಂತೆ ನಯ ಮಾಡಿಸಬೇಕು.”

ಹೊರಗೆ ಬಂದ ಶಾಫ್ಟು ಗೊಣಗಿತು. “ನಿಮ್ಮವರಲ್ಲಿ ಒಬ್ಬನಾದರೂ ಮೊದಲೇ ಹೇಳಬಾರದಿತ್ತೇ?”

“ಮೂವರೂ ಹೇಳಿದರು,” ಎಂದಿತು ಸೀಲು. “ಅದನ್ನು ನೀನು ಸೋರಿಕೆ ಎಂದೆ.”